ಒದ್ದೆಯಲ್ಲಿ ಮಲಗಿದ ಮೈ

ಐಸಿಯುನಿಂದ ವಾರ್ಡಿಗೆ ಕಳಿಸಿದ ದಿನವೇ ಮನೆಯವರು ರೋಗಿಯ ಬೆನ್ನನ್ನು ಮೊದಲ ಸಲ ನೋಡುವುದು. ಅಲ್ಲಿಯವರೆಗೆ ಅವರಿಗೆ ಕಂಡಿದ್ದು ಮುಖ, ಮೂಗಿನ ನಳಿಕೆ, ಮಾನಿಟರಿನಲ್ಲಿ ಓಡುವ ಗೆರೆ, ಅಷ್ಟೇ. ವಾರ್ಡಿನಲ್ಲಿ ಬಟ್ಟೆ ಬದಲಿಸಲೆಂದು ಮಗಳೋ ತಮ್ಮನೋ ಮಗ್ಗುಲಿಗೆ ಹೊರಳಿಸಿದಾಗ ಪೃಷ್ಠದ ಎರಡೂ ಬದಿಯಲ್ಲಿ, ತೊಡೆಸಂದಿಯಲ್ಲಿ ಚರ್ಮ ಕಂದಿ, ಅಲ್ಲಲ್ಲಿ ಸುಲಿದು ನೀರು ಜಿನುಗುತ್ತಿರುತ್ತದೆ. ಲಕ್ವದಿಂದಲೋ ನ್ಯುಮೋನಿಯಾದಿಂದಲೋ ಜೀವ ಉಳಿಸಿಕೊಂಡು ಬಂದವರು ಈಗ ಒರೆಸುವ ಬಟ್ಟೆ ತಾಗಿದರೆ ನರಳುತ್ತಾರೆ. ಏನಿದು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಬೆಡ್‌ಸೋರ್, ಮಲಗಿ ಮಲಗಿ ಆಗಿದ್ದು.

ಎಷ್ಟೋ ಸಲ ಅದು ಮಲಗಿ ಆದದ್ದಲ್ಲ, ಒದ್ದೆಯಲ್ಲಿ ಮಲಗಿ ಆದದ್ದು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಒತ್ತಡದ ಹುಣ್ಣು ಮೂಳೆ ಇರುವಲ್ಲಿ ಆಗುತ್ತದೆ: ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಬದಿ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಒಳಗಿನಿಂದ ಕೆಡುತ್ತಾ ಹೊರಗೆ ಬರುತ್ತದೆ, ಅಂಚು ಎದ್ದು ಕಾಣುತ್ತದೆ, ಆಳವಿರುತ್ತದೆ. ಒದ್ದೆಯ ಹುಣ್ಣು ಮೇಲಿನಿಂದ ಶುರು. ಅದಕ್ಕೆ ಮೂಳೆ ಬೇಕಿಲ್ಲ. ಮಲ, ಮೂತ್ರ, ಬೆವರು ನಿಲ್ಲುವ ಮಡಿಕೆಗಳಲ್ಲಿ ಹರಡಿಕೊಳ್ಳುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಹೇಳುವಂತಿಲ್ಲ. ಚರ್ಮಕ್ಕೆ ಚರ್ಮ ತಾಗುವ ಕಡೆ ಎರಡೂ ಬದಿಯಲ್ಲಿ ಒಂದೇ ಆಕಾರದಲ್ಲಿ ಸುಲಿದಿರುತ್ತದೆ. ಮನೆಯವರು ಸಾಲ ಮಾಡಿ ಏರ್ ಬೆಡ್ ತರುತ್ತಾರೆ. ಒತ್ತಡದ ಹುಣ್ಣಿಗೆ ಅದು ಸಹಾಯವೇ. ಆದರೆ ಒದ್ದೆಯನ್ನು ಏರ್ ಬೆಡ್ ಒಣಗಿಸುವುದಿಲ್ಲ. ಅದರ ರೆಕ್ಸಿನ್ ಮೇಲೆ ಬೆವರು ಇನ್ನಷ್ಟು ನಿಲ್ಲುತ್ತದೆ.

ವೈದ್ಯಶಾಸ್ತ್ರ ಇದನ್ನು ತೇವದಿಂದಾಗುವ ಚರ್ಮಹಾನಿ ಎಂದು ಬೇರೆಯೇ ಗುಂಪಿನಲ್ಲಿಟ್ಟು ನಾಲ್ಕು ಬಗೆ ಗುರುತಿಸುತ್ತದೆ. ಮಲಮೂತ್ರದಿಂದ ಆಗುವುದು, ಬೆವರಿನಿಂದ ಮಡಿಕೆಗಳಲ್ಲಿ ಆಗುವುದು, ಗಾಯದ ರಸಿಗೆಯಿಂದ ಸುತ್ತಲಿನ ಚರ್ಮಕ್ಕೆ ಆಗುವುದು, ಮಲಮೂತ್ರ ಹೊರಹೋಗಲೆಂದು ಹೊಟ್ಟೆಗೆ ಮಾಡಿದ ತೂತಿನ ಸುತ್ತ ಆಗುವುದು. ಐಸಿಯುನಲ್ಲಿ ಹೆಚ್ಚಾಗಿ ಕಾಡುವುದು ಮೊದಲನೆಯದು.

ನಮ್ಮ ಚರ್ಮದ ತೀರಾ ಮೇಲಿನ ಪದರ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಸತ್ತ ಜೀವಕೋಶಗಳು, ಅವುಗಳ ನಡುವೆ ಜಿಡ್ಡು, ಇಷ್ಟರಿಂದಲೇ ಅದು ಹೊರಗಿನ ಲೋಕವನ್ನು ತಡೆದು ನಿಲ್ಲಿಸಿದೆ. ಆರೋಗ್ಯವಂತ ಚರ್ಮ ತುಸು ಆಮ್ಲೀಯ, ಪಿಎಚ್ 5ರ ಆಸುಪಾಸು. ಈ ಆಮ್ಲದ ಹೊದಿಕೆ ರೋಗಾಣುಗಳನ್ನು ದೂರವಿಡುತ್ತದೆಂದು ಶೇಡ್ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನಿಯ ಇಬ್ಬರು ಸಂಶೋಧಕರು ಹೇಳಿದ್ದು 1928ರಲ್ಲಿ. ಮೂತ್ರ ಚರ್ಮದ ಮೇಲೆ ನಿಂತಾಗ ಬ್ಯಾಕ್ಟೀರಿಯಾಗಳು ಅದರ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಅಮೋನಿಯಾ ಕ್ಷಾರ. ಆಮ್ಲದ ಹೊದಿಕೆ ಹೋಯಿತು. ಅದೇ ಹೊತ್ತಿಗೆ ತೆಳು ಭೇದಿಯೂ ಆಯಿತೆನ್ನಿ, ಅದರಲ್ಲಿ ಕೊಬ್ಬು ಮತ್ತು ಪ್ರೋಟೀನ್ ಜೀರ್ಣಿಸುವ ಕಿಣ್ವಗಳು ಬದುಕಿರುತ್ತವೆ, ಕ್ಷಾರದಲ್ಲಿ ಅವು ಇನ್ನೂ ಚುರುಕು. ಹೊಟ್ಟೆಯೊಳಗೆ ಅನ್ನವನ್ನು ಕರಗಿಸಬೇಕಾದದ್ದು ಹೊರಗೆ ಚರ್ಮವನ್ನು ಕರಗಿಸತೊಡಗುತ್ತದೆ. ಗಟ್ಟಿ ಮಲಕ್ಕಿಂತ ನೀರು ಭೇದಿ ಹೆಚ್ಚು ಹಾನಿ ಮಾಡುವುದು ಇದಕ್ಕೇ. ಹೀಗೆ ನೆನೆದು ಉಬ್ಬಿದ ಚರ್ಮ ಬೆಡ್‌ಶೀಟಿಗೆ ಅಂಟಿಕೊಳ್ಳುತ್ತದೆ. ರೋಗಿಯನ್ನು ಎತ್ತದೆ ಮೇಲಕ್ಕೆ ಎಳೆದರೆ ಸಾಕು, ಸಿಪ್ಪೆ ಬರುತ್ತದೆ. ಒತ್ತಡದ ಹುಣ್ಣಿಗೂ ಅಲ್ಲೇ ದಾರಿಯಾಗುತ್ತದೆ.

ಚಿಕ್ಕಮಗಳೂರಿನ ಕಾಫಿ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಪುನರ್ವಸು, ಪುಷ್ಯದ ಮಳೆ ಬಿಡದೆ ಹಿಡಿದಾಗ ಒತ್ತು ನೆರಳಿನ ತೋಟದಲ್ಲಿ ಕಾಫಿ ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಯಲ್ಲಿ ನೇತಾಡುವುದನ್ನು ಮೂಡಿಗೆರೆ, ಕಳಸದವರು ಪ್ರತಿವರ್ಷ ನೋಡುತ್ತಾರೆ. ಕೊಳೆರೋಗಕ್ಕೆ ಮದ್ದು ಬಡಿಯುವುದಕ್ಕಿಂತ ಮೊದಲಿನ ಕೆಲಸವೇ ಮುಖ್ಯವೆಂದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹೇಳಿಕೊಡುತ್ತ ಬಂದಿದೆ. ಮಳೆಗಾಲಕ್ಕೆ ಮುಂಚೆಯೇ ಮರಗಸಿ ಮಾಡಿ ನೆರಳು ತಗ್ಗಿಸು, ಗಿಡದ ನಡುವನ್ನು ಬಿಡಿಸಿ ಗಾಳಿ ಬೆಳಕು ಬಿಡು, ಮೇಲೆ ಬಿದ್ದು ಅಂಟಿದ ತರಗೆಲೆ ತೆಗೆ, ಬೋರ್ಡೋ ದ್ರಾವಣ ಹೊಡೆ. ಕೊಳೆತ ಮೇಲೆ ಉಳಿಯುವುದು ಕಡಿಮೆ. ಮೈಗೂ ಇದೇ ಕ್ರಮ: ಮೊದಲೇ ಗಾಳಿ, ಮೊದಲೇ ಒಣಗಿಸುವುದು, ಮೊದಲೇ ಲೇಪ. ಗದ್ದೆ ನಾಟಿ ಮಾಡಿದವರ ಕಾಲ್ಬೆರಳ ಸಂದಿಯ ಕೆಸರುಹುಣ್ಣೂ ಇದೇ ಬಗೆಯ ಹಾನಿ. ವಿಯೆಟ್ನಾಂ ಯುದ್ಧದಲ್ಲಿ ಗದ್ದೆ, ಜೌಗಿನಲ್ಲಿ ದಿನಗಟ್ಟಲೆ ನಡೆದ ಅಮೆರಿಕದ ಸೈನಿಕರ ಕಾಲುಗಳು ಹೀಗೆಯೇ ಕೆಟ್ಟು ಅವರನ್ನು ನಡೆಯಲಾರದಂತೆ ಮಾಡಿದ್ದವು. ಗದ್ದೆಯಿಂದ ಬಂದವನು ಕಾಲು ತೊಳೆದು ಒಲೆಯ ಮುಂದೆ ಚಾಚಿ ಕೂರುತ್ತಾನೆ. ವೆಂಟಿಲೇಟರಿನ ಮೇಲಿರುವವನಿಗೆ ಒದ್ದೆಯಾಗಿದೆ ಎಂದು ಹೇಳಲೂ ಆಗುವುದಿಲ್ಲ.

ಈ ಬೆಟ್ಟಗಳಲ್ಲಿ ಹಾನಿ ಐಸಿಯು ಬಾಗಿಲಿಗೆ ಹೋಗುವ ಮೊದಲೇ ಶುರುವಾಗಿರುತ್ತದೆ. ಕಳಸದಿಂದ ಚಿಕ್ಕಮಗಳೂರಿಗೆ 90 ಕಿ.ಮೀ. ಆಸುಪಾಸು. ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೆ ಹೋದರೆ ನೂರರ ಮೇಲೆ. ಮೂಡಿಗೆರೆಯವರು ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿ ಇಳಿಯಬೇಕು, 2019ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಆ ದಾರಿಯೂ ಮುಚ್ಚಿತ್ತು. ತೋಟದ ಮನೆಯಿಂದ ಟಾರು ರಸ್ತೆಗೆ ಜೀಪು, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿ ಬರೆದುಕೊಟ್ಟ ಚೀಟಿ ಹಿಡಿದು ಆಂಬುಲೆನ್ಸಿನಲ್ಲಿ ಮುಂದಿನ ಊರು. ಅಷ್ಟು ಹೊತ್ತೂ ರೋಗಿ ಒಂದೇ ಭಂಗಿಯಲ್ಲಿ, ರೆಕ್ಸಿನ್ ಹಾಸಿನ ಸ್ಟ್ರೆಚರಿನ ಮೇಲೆ. ಮನೆಯಿಂದ ಹೊರಡುವಾಗಲೇ ಮಳೆಗೆ ನೆನೆದ ಲುಂಗಿ, ಅದರ ಮೇಲೆ ಕಂಬಳಿ, ದಾರಿಯಲ್ಲಿ ಮೂತ್ರ ಹೋಗಿದ್ದರೆ ಅದೂ. ಪ್ರತಿ ತಿರುವಿನಲ್ಲಿ ಮೈ ಹಾಸಿಗೆಗೆ ಉಜ್ಜುತ್ತದೆ. ಜೀವ ಉಳಿಸುವ ಆತುರದಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ, ತಪ್ಪೆನ್ನುವಂತೆಯೂ ಇಲ್ಲ. ಆದರೆ ಹೊರಡುವ ಮುನ್ನ ಒದ್ದೆ ಬಟ್ಟೆ ತೆಗೆದು ಒಣ ಹತ್ತಿ ಬಟ್ಟೆ ಸುತ್ತಲು ಹಿಡಿಯುವುದು ಎರಡು ನಿಮಿಷ. ಆಸ್ಪತ್ರೆಗೆ ಸೇರಿಸಿಕೊಂಡ ಗಳಿಗೆಯಲ್ಲೇ ಬೆನ್ನು, ಪೃಷ್ಠ ನೋಡಿ ಕೇಸ್ ಶೀಟಿನಲ್ಲಿ ಬರೆದರೆ, ಯಾವುದು ದಾರಿಯಲ್ಲಿ ಆದದ್ದು, ಯಾವುದು ಒಳಗೆ ಆದದ್ದು ಎಂಬ ಜಗಳವೂ ಇರುವುದಿಲ್ಲ.

ಇಲ್ಲಿನ ಐಸಿಯುಗಳಿಗೆ ಬರುವ ಕಾಯಿಲೆಗಳೂ ಒದ್ದೆಯ ಕಾಯಿಲೆಗಳೇ. ತೋಟಕ್ಕೆ, ಗದ್ದೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದವರನ್ನು ನೋಡಿ. ಆ ವಿಷ ನರಗಳ ಸಂದೇಶವನ್ನು ನಿಲ್ಲಲು ಬಿಡದೆ ಎಲ್ಲ ಗ್ರಂಥಿಗಳನ್ನೂ ತೆರೆದುಬಿಡುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ತಡೆಯಿಲ್ಲದ ಮಲಮೂತ್ರ. ಅಟ್ರೋಪಿನ್ ಕೊಟ್ಟು ಒಣಗಿಸುವವರೆಗೆ ರೋಗಿ ಒದ್ದೆಯಲ್ಲೇ. ಬಟ್ಟೆಗೆ, ಚರ್ಮಕ್ಕೆ ಅಂಟಿದ ವಿಷವನ್ನು ತೊಳೆಯಲೆಂದು ಮತ್ತೆ ನೀರು ಸುರಿಯಬೇಕು. ಲಿವರ್ ಕೆಟ್ಟು ಪ್ರಜ್ಞೆ ತಪ್ಪಿದವರಿಗೆ ಲ್ಯಾಕ್ಟುಲೋಸ್ ಕೊಡುತ್ತಾರೆ, ಅದು ದಿನಕ್ಕೆ ಮೂರು ನಾಲ್ಕು ಸಲ ಭೇದಿಯಾಗಲೆಂದೇ ಕೊಡುವ ಔಷಧ, ತಲೆಗೇರಿದ ಅಮೋನಿಯಾ ಇಳಿಯಬೇಕಲ್ಲ. ಔಷಧ ಕೆಲಸ ಮಾಡುತ್ತಿದೆ ಎಂದರೆ ಚರ್ಮಕ್ಕೆ ಕಷ್ಟ ಶುರುವಾಯಿತು ಎಂದೇ ತಿಳಿಯಬೇಕು. ಮೂಗಿನ ನಳಿಕೆಯಿಂದ ಹೋಗುವ ಆಹಾರ, ಜೋರು ಆ್ಯಂಟಿಬಯೋಟಿಕ್‌ಗಳು ಇವೂ ಭೇದಿ ತರುತ್ತವೆ. 2020–21ರ ಕೋವಿಡ್ ದಿನಗಳಲ್ಲಿ ರೋಗಿಗಳನ್ನು ಗಂಟೆಗಟ್ಟಲೆ ಬೋರಲು ಮಲಗಿಸಿದಾಗ ಜೊಲ್ಲು ಮತ್ತು ಟೇಪಿನ ನಡುವೆ ಕೆನ್ನೆ, ಗಲ್ಲ ಸುಲಿದಿದ್ದನ್ನು ಆಗ ದುಡಿದ ನರ್ಸುಗಳು ಮರೆತಿರಲಾರರು. ತೋಟಗಳಲ್ಲಿ ಈಗ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಕಾರ್ಮಿಕರೂ ಇದ್ದಾರೆ. ಅವರಲ್ಲೊಬ್ಬರು ಮಂಚ ಹಿಡಿದರೆ ಪಕ್ಕದಲ್ಲಿ ಮನೆಯವರಿಲ್ಲ, ಅರೆಪ್ರಜ್ಞೆಯಲ್ಲಿ ಆಡುವ ಮಾತು ಯಾರಿಗೂ ತಿಳಿಯುವುದಿಲ್ಲ. ಅಂಥವರ ಬೆನ್ನನ್ನು ಕೇಳದೆಯೇ ನೋಡುವ ವ್ಯವಸ್ಥೆ ಇರಬೇಕು.

ಆ ವ್ಯವಸ್ಥೆ ಎಂದರೆ ಏನು? ರಾತ್ರಿ ಎರಡು ಗಂಟೆಯ ಒಂದು ಹೊರಳಿಸುವಿಕೆಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಇಬ್ಬರು ಬೇಕು. ಒಬ್ಬ ನರ್ಸ್ ತಲೆಯ ಕಡೆ ನಿಂತು ವೆಂಟಿಲೇಟರ್ ಕೊಳವೆ ಹಿಡಿದುಕೊಳ್ಳುತ್ತಾರೆ, ಅದು ಕಳಚಿದರೆ ಎಲ್ಲ ಮುಗಿಯಿತು. ಇನ್ನೊಬ್ಬರು ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು ಒಂದೇ ಸಲಕ್ಕೆ ತಮ್ಮತ್ತ ಹೊರಳಿಸುತ್ತಾರೆ. ಬೆನ್ನು ಕಾಣುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸುತ್ತಾರೆ, ತಿಕ್ಕುವುದಿಲ್ಲ. ಇನ್ನೊಂದು ಒಣ ಬಟ್ಟೆ ಒತ್ತಿ ಒತ್ತಿ ತೇವ ತೆಗೆಯುತ್ತಾರೆ, ಮಡಿಕೆಯ ಒಳಗೂ ಬೆರಳಿನಿಂದ ಬಿಡಿಸಿ. ಆಮೇಲೆ ಝಿಂಕ್ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ. ದಪ್ಪಗೆ ಮೆತ್ತಿದರೆ ಮುಂದಿನ ಸಲ ಅದನ್ನು ತೆಗೆಯಲು ತಿಕ್ಕಬೇಕಾಗುತ್ತದೆ. ಹಳೆಯ ಝಿಂಕ್ ಪದರದ ಮೇಲೆ ಕೊಳೆಯಾಗಿದ್ದರೆ ಕೊಳೆಯನ್ನು ಮಾತ್ರ ತೆಗೆದು, ಕೆಳಗಿನ ಪದರ ಬಿಟ್ಟು, ಮೇಲೆ ಹೊಸದು ಹಚ್ಚಿದರೆ ಸಾಕು. ಬೆನ್ನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿ ಓರೆಯಾಗಿ ನಿಲ್ಲಿಸುತ್ತಾರೆ, ಪೂರಾ ಮಗ್ಗುಲಲ್ಲ, ಪೂರಾ ಮಗ್ಗುಲಾದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಇಷ್ಟಕ್ಕೆ ಹತ್ತು ಹದಿನೈದು ನಿಮಿಷ. ಎರಡು ಗಂಟೆಗೊಮ್ಮೆ ಹೊರಳಿಸುವುದು ವಾಡಿಕೆಯ ಲೆಕ್ಕ. ಭೇದಿಯಾದಾಗಲೆಲ್ಲ ಒರೆಸುವುದು ಬೇರೆ. ವೆಂಟಿಲೇಟರಿನ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಸುಮ್ಮನೆ ಇಟ್ಟ ಆದರ್ಶವಲ್ಲ. ಮೂರು ಮಂಚಕ್ಕೆ ಒಬ್ಬರೇ ಆದರೆ ಈ ಲೆಕ್ಕ ಯಾವ ರೀತಿಯಲ್ಲಿ ಕೂಡಿಸಿದರೂ ಹೊಂದುವುದಿಲ್ಲ.

ನೋಡುವುದರಲ್ಲಿ ನಮ್ಮ ನಾಡಿನಲ್ಲಿ ಇನ್ನೊಂದು ಕಷ್ಟವಿದೆ. ಪಠ್ಯಪುಸ್ತಕಗಳು ‘ಕೆಂಪಾಗುವುದು’ ಮೊದಲ ಲಕ್ಷಣ ಎನ್ನುತ್ತವೆ, ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಬಿಸಿಲಿನಲ್ಲಿ ದುಡಿದ ಕಪ್ಪು ಮೈಯಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಸುತ್ತಲಿಗಿಂತ ಕಪ್ಪಾಗಿಯೋ ನೇರಳೆಯಾಗಿಯೋ, ಕೆಲವೊಮ್ಮೆ ಬಣ್ಣ ಕಳೆದು ತಿಳಿಯಾಗಿಯೋ ಇರುತ್ತದೆ. ಕಣ್ಣಿಗಿಂತ ಕೈ ಬೇಗ ಹಿಡಿಯುತ್ತದೆ: ಆ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಪಿಚಕ್ಕೆನ್ನುವಷ್ಟು ಮೆತ್ತಗಾಗಿದೆಯೇ. ಮುಟ್ಟಿ ನೋಡಿ ಎಂದು ನಮ್ಮ ನರ್ಸಿಂಗ್ ಶಾಲೆಗಳಲ್ಲಿ ಮೊದಲ ವರ್ಷದಿಂದಲೇ ಹೇಳಿಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಸಿಗೆಯ ಹುಣ್ಣು ಕಾಯಿಲೆಯ ತಪ್ಪಲ್ಲ, ಸಾಮಾನ್ಯವಾಗಿ ಶುಶ್ರೂಷೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದರು. ಆಮೇಲೆ ಪ್ಯಾರಿಸಿನ ನರತಜ್ಞ ಶಾರ್ಕೋ, ಅದು ನರಕ್ಕೆ ಪೆಟ್ಟಾದ ಫಲ, ತಪ್ಪಿಸಲಾಗದು ಎಂದ. ಶತಮಾನದ ಮೇಲಾದರೂ ಎರಡೂ ಮಾತು ಆಸ್ಪತ್ರೆಗಳಲ್ಲಿ ಓಡಾಡುತ್ತಿವೆ. ರೋಗಿಯ ಕಡೆಯವರು ಮೊದಲನೆಯದನ್ನು ಹಿಡಿದು ನರ್ಸಿನ ಮೇಲೆ ಹರಿಹಾಯುತ್ತಾರೆ, ಆಡಳಿತದವರು ಎರಡನೆಯದನ್ನು ಹಿಡಿದು ಕೈ ತೊಳೆದುಕೊಳ್ಳುತ್ತಾರೆ. ನೈಟಿಂಗೇಲ್ ಹೇಳಿದ್ದು ಶುಶ್ರೂಷೆಯ ತಪ್ಪು ಎಂದು. ಶುಶ್ರೂಷೆ ಎಂದರೆ ಡ್ಯೂಟಿಯಲ್ಲಿರುವ ಒಬ್ಬ ಹುಡುಗಿಯಷ್ಟೇ ಅಲ್ಲ, ಎಷ್ಟು ಜನರನ್ನು ನೇಮಿಸಿದ್ದೀರಿ, ಒಣ ಬೆಡ್‌ಶೀಟ್ ಎಷ್ಟಿವೆ, ಲಾಂಡ್ರಿ ಮಳೆಗಾಲದಲ್ಲಿ ನಡೆಯುತ್ತದೆಯೇ ಎಂಬುದೆಲ್ಲ ಸೇರಿ.

ಅಪಾಯವನ್ನು ಮುಂಚೆಯೇ ಅಳೆಯುವ ಸಾಧನಗಳಿಗೇನೂ ಕೊರತೆಯಿಲ್ಲ. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಮ್ 1987ರಲ್ಲಿ ಪ್ರಕಟಿಸಿದ ಅಂಕಪಟ್ಟಿಯಲ್ಲಿ ಆರು ಅಂಶಗಳಿವೆ, ಅದರಲ್ಲೊಂದು ತೇವ. ಸದಾ ಒದ್ದೆ, ಬಹಳ ಒದ್ದೆ, ಆಗಾಗ ಒದ್ದೆ, ಅಪರೂಪಕ್ಕೆ ಒದ್ದೆ ಎಂದು ಒಂದರಿಂದ ನಾಲ್ಕು ಅಂಕ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಮಲಮೂತ್ರದ ಒದ್ದೆಯಿಂದಾಗುವ ಹಾನಿಗೆ ಬೇರೆ ವರ್ಗೀಕರಣವನ್ನೇ ಕೊಟ್ಟಿದ್ದಾರೆ: ಚರ್ಮ ಕೆಂಪಾಗಿದೆಯೋ ಸುಲಿದಿದೆಯೋ, ಸೋಂಕು ತಗುಲಿದೆಯೋ ಇಲ್ಲವೋ, ಇಷ್ಟೇ ಪ್ರಶ್ನೆ. 2018ರ ಮೇ 15ರಂದು 90 ದೇಶಗಳ 1,117 ಐಸಿಯುಗಳಲ್ಲಿ ಒಂದೇ ದಿನ 13,254 ರೋಗಿಗಳನ್ನು ನೋಡಿದಾಗ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒತ್ತಡದ ಹುಣ್ಣಿತ್ತು. ಸಿರಿವಂತ ದೇಶಗಳ ಘಟಕಗಳೂ ಅದರಲ್ಲಿದ್ದವು. ಆದ್ದರಿಂದ ಇದು ಬೆಟ್ಟದ ಊರಿನ ಬಡತನದ ಕಾಯಿಲೆ ಎಂದು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಇಲ್ಲಿನ ಮನೆಗಳಿಗೆ ಹಿಂತಿರುಗಿದ ಮೇಲೆ ಮಳೆಗಾಲ ಅದನ್ನು ಇನ್ನಷ್ಟು ಕೆಡಿಸುತ್ತದೆ ಎಂಬುದನ್ನು ಬೇರೆ ಊರಿನ ಪುಸ್ತಕ ಹೇಳುವುದಿಲ್ಲ.

ಜುಲೈ ತಿಂಗಳಲ್ಲಿ ಕಳಸದ ತೋಟದ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದಿಟ್ಟುಕೊಳ್ಳಿ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದು, ಗೋಡೆಗೆ ಬೂಷ್ಟು. ದಿನಕ್ಕೆ ಆರೆಂಟು ಬಟ್ಟೆ ಬೇಕಾದ ರೋಗಿಗೆ ಹಂಡೆ ಒಲೆಯ ಮೇಲೆ ಕಟ್ಟಿದ ಹಗ್ಗವೇ ಗತಿ, ಅದರಲ್ಲಿ ಅರೆ ಒಣಗಿದ್ದನ್ನೇ ಹಾಸುತ್ತಾರೆ. ಹಾಸಿಗೆ ಕೆಡದಿರಲೆಂದು ನೇರ ಮೈ ಕೆಳಗೆ ಪ್ಲಾಸ್ಟಿಕ್ ಹಾಳೆ. ವಾಸನೆ ಬಾರದಿರಲೆಂದು ಸೋಪು ಹಾಕಿ ಉಜ್ಜಿ, ಡೆಟಾಲ್ ಬೆರೆಸಿ, ಮೇಲೆ ಪೌಡರ್ ಸುರಿಯುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಮಾಡಿದ್ದೆಲ್ಲ ಚರ್ಮಕ್ಕೆ ವಿರುದ್ಧ. ಸಾಮಾನ್ಯ ಸೋಪಿನ ಪಿಎಚ್ 9–10, ಅಮೋನಿಯಾ ಮಾಡಿದ ಕೆಲಸವನ್ನೇ ಅದು ಮುಂದುವರಿಸುತ್ತದೆ. ಲೇಪವಿಲ್ಲದ ಬರೀ ಸೋಪು ನೀರಿನ ಆರೈಕೆ ಹಿಂದೆ ಬೀಳುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2016ರ ಕಾಕ್ರೇನ್ ವಿಮರ್ಶೆಯೂ ಕಂಡುಕೊಂಡಿತು. ಪೌಡರು ಮಡಿಕೆಯಲ್ಲಿ ಮುದ್ದೆಯಾಗಿ ಉಜ್ಜುತ್ತದೆ. ಹಿಮ್ಮಡಿ ಕೆಳಗೆ ನೀರು ತುಂಬಿದ ಗ್ಲೌಸ್ ಇಡುವುದು, ಕೂರಲು ಗಾಳಿ ತುಂಬಿದ ರಿಂಗ್ ಕೊಡುವುದು ಇವನ್ನೂ ಈಗಿನ ಮಾರ್ಗಸೂಚಿಗಳು ಬೇಡವೆನ್ನುತ್ತವೆ. ಕಾಲಿನ ಕೆಳಗೆ ಉದ್ದಕ್ಕೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಬಿಟ್ಟರೆ ಸಾಕು. ಡೈಪರನ್ನು ಬಿಗಿಯಾಗಿ ಕಟ್ಟಿ ರಾತ್ರಿಯೆಲ್ಲ ಬಿಡುವ ಬದಲು ಮಲಗಿರುವಾಗ ಬಿಡಿಸಿ ಕೆಳಗೆ ಹರಡಿದರೆ ಗಾಳಿ ಆಡುತ್ತದೆ.

ಗಾಯದ ಸುತ್ತ ಸಾಸಿವೆಯಷ್ಟು ಗುಳ್ಳೆಗಳು ಚೆಲ್ಲಾಡಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರ. ಬೆಚ್ಚಗಿನ ಒದ್ದೆ ಅದಕ್ಕೆ ಪ್ರಿಯ. ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ’ ಎಂದು ಕೇಳಿದರೆ ಸ್ಟೆರಾಯ್ಡ್ ಬೆರೆತ ಟ್ಯೂಬ್ ಕೈಗೆ ಬರುವುದುಂಟು. ಎರಡು ದಿನ ಕೆಂಪು ಇಳಿದಂತೆ ಕಂಡು, ಚರ್ಮ ತೆಳುವಾಗಿ, ಶಿಲೀಂಧ್ರ ಹೆಚ್ಚುತ್ತದೆ. ವೈದ್ಯರಿಗೆ ತೋರಿಸದೆ ಅದನ್ನು ಹಚ್ಚಲೇಬಾರದು.

ಹಳೆಯದೆಲ್ಲ ತಪ್ಪೆಂದೂ ಅಲ್ಲ. ಮೈಯೆಲ್ಲ ಚರ್ಮ ಸುಲಿಯುವ ಪೆಂಫಿಗಸ್‌ನಂಥ ಕಾಯಿಲೆಗಳಿಗೆ ನಮ್ಮ ದೇಶದ ಚರ್ಮರೋಗ ವಾರ್ಡುಗಳಲ್ಲಿ ಬಾಳೆಲೆ ಹಾಸಿ ಮಲಗಿಸುವ ಕ್ರಮ ಇವತ್ತಿಗೂ ಇದೆ, ಅದು ಗಾಯಕ್ಕೆ ಅಂಟಿಕೊಳ್ಳುವುದಿಲ್ಲ. ಹಳೆಯ ಹತ್ತಿ ಸೀರೆಯ ಮಡಿಕೆಗಿಂತ ಮೆತ್ತನೆಯದು ಅಂಗಡಿಯಲ್ಲಿ ಸಿಗಲಾರದು, ಪೂರ್ತಿ ಒಣಗಿದ್ದರೆ ಮಾತ್ರ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಆನೆಕಾಲಿನ ರೋಗಿಗಳಿಗೆ ಕೊಡುವ ಚಿಕಿತ್ಸೆಯಲ್ಲಿ ಆಯುರ್ವೇದ, ಯೋಗ, ಬ್ಯಾಂಡೇಜುಗಳ ಜೊತೆಗೆ ಕಾಲಿನ ಮಡಿಕೆಗಳನ್ನು ತೊಳೆದು ಒಣಗಿಸುವ ದಿನನಿತ್ಯದ ಕೆಲಸಕ್ಕೂ ದೊಡ್ಡ ಜಾಗವಿದೆ. ಬಾತ ಕಾಲಿನ ಕೊಳೆತ ಬೆರಳಸಂದಿಯಿಂದಲೇ ಬ್ಯಾಕ್ಟೀರಿಯಾ ನುಗ್ಗಿ ಮತ್ತೆ ಮತ್ತೆ ಜ್ವರ ಬರುತ್ತದೆ ಎಂದು ಕಂಡುಕೊಂಡು, ಅದನ್ನು ಮನೆಯವರೇ ಮಾಡುವಂತೆ ಕಲಿಸುತ್ತಾರೆ. ಐಸಿಯು ಅಲ್ಲ, ಕಾಯಿಲೆಯೂ ಬೇರೆ, ಕೈಯ ಕೆಲಸ ಅದೇ.

ಕಾಸರಗೋಡಿನ ಮಾತು ಬಂತು. ಕೇರಳ 2008ರಲ್ಲಿ ಉಪಶಮನ ಆರೈಕೆಗೆ ರಾಜ್ಯನೀತಿ ರೂಪಿಸಿದ ಮೇಲೆ ಅಲ್ಲಿನ ಗ್ರಾಮ ಪಂಚಾಯಿತಿಗಳು ತರಬೇತಾದ ನರ್ಸನ್ನು ಹಾಸಿಗೆ ಹಿಡಿದವರ ಮನೆಗೆ ಕಳಿಸುತ್ತವೆ. ಮಂಜೇಶ್ವರ, ಬದಿಯಡ್ಕದ ಕನ್ನಡ ಮನೆಗಳಲ್ಲಿ ಕ್ಯಾಥೆಟರ್ ಬದಲಿಸಲು, ಹುಣ್ಣು ನೋಡಲು ಹೀಗೆ ಬಂದು ಹೋಗುವವರಿದ್ದಾರೆ. ಘಟ್ಟದ ಮೇಲಿನ ಕಳಸ, ಸಂಸೆ, ಬಾಳೂರಿನ ಮನೆಗಳಿಗೂ ಅಂಥದ್ದೇ ಬೇಕು. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯ ಜೊತೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಈ ಮೂರನ್ನು ಜೋಡಿಸುವುದು ಅಸಾಧ್ಯವಾದ ಕೆಲಸವಲ್ಲ. ಹೊಸ ಯಂತ್ರ ಬೇಕಿಲ್ಲ. ಝಿಂಕ್ ಮುಲಾಮು, ಮೆತ್ತನೆ ಬಟ್ಟೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ತೋಟದ ಮಾಲೀಕರು ಬಿಟ್ಟುಕೊಡುವ ಒಂದು ಬೆಚ್ಚನೆಯ ಕೋಣೆ, ತಿಂಗಳಿಗೆ ಎರಡು ಸಲ ಬಂದು ಬೆನ್ನು ನೋಡುವ ಕಣ್ಣು.

ಅದಾಗುವವರೆಗೆ ಆಸ್ಪತ್ರೆಗಳು ಇವತ್ತೇ ಶುರು ಮಾಡಬಹುದಾದ್ದು ಒಂದಿದೆ. ಬಿಡುಗಡೆಯ ಹಿಂದಿನ ದಿನ ಮನೆಯಲ್ಲಿ ನೋಡಿಕೊಳ್ಳುವವರನ್ನೇ ಮಂಚದ ಪಕ್ಕ ನಿಲ್ಲಿಸಿ, ಹೊರಳಿಸುವುದು, ಒರೆಸುವುದು, ಒಣಗಿಸುವುದು, ಹಚ್ಚುವುದು ಎಲ್ಲವನ್ನೂ ಅವರ ಕೈಯಿಂದಲೇ ಮಾಡಿಸಬೇಕು, ನರ್ಸ್ ನಿಂತು ನೋಡಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಮಾತ್ರೆಗಳ ಕೆಳಗೆ ಚರ್ಮ ಇವತ್ತು ಹೇಗಿದೆ, ಇದು ಒತ್ತಡದ್ದೋ ಒದ್ದೆಯದ್ದೋ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಬೇಕು. ಇದಕ್ಕೆ ಹಿಡಿಯುವ ಅರ್ಧ ಗಂಟೆಯನ್ನು ನರ್ಸಿನ ಬಿಡುವಿನಿಂದ ಕಿತ್ತುಕೊಳ್ಳದೆ ಡ್ಯೂಟಿ ಪಟ್ಟಿಯಲ್ಲೇ ಕೆಲಸವೆಂದು ನಮೂದಿಸಬೇಕು.